ಕೊಡಗಿನ ಮನೆಯ ಚಿಕ್ಕ ರೂಮು: ಬೆಳೆದ ಮಕ್ಕಳಿಗೆ ಮಂಚ, ಬೀರು, ಮೇಜು ಹೊಂದಿಸುವುದು ಹೇಗೆ?

"ಮಗಳು ಓದು ಮುಗಿಸಿ ಮನೆಗೆ ಬಂದಿದ್ದಾಳೆ. ಇನ್ನು ಇಲ್ಲಿಂದಲೇ ಕೆಲಸ. ರೂಮು 10 ಅಡಿಗೆ 9 ಅಡಿ ಇದೆ. ಮಂಚ, ಬೀರು, ಮೇಜು ಮೂರೂ ಹಿಡಿಸುತ್ತಾ?"

ಇದೇ ಪ್ರಶ್ನೆಯನ್ನು ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಮಡಿಕೇರಿಯಲ್ಲಿ ಬಾಡಿಗೆ ಮನೆ ಹಿಡಿದವರು ಕೇಳುತ್ತಾರೆ, ನಾಪೋಕ್ಲು ಕಡೆಯ ತೋಟದ ಮನೆಯವರು ಕೇಳುತ್ತಾರೆ. ಪೊನ್ನಂಪೇಟೆ, ಕುಶಾಲನಗರದ ಕಾಲೇಜುಗಳಿಗೆ ಬಂದು ರೂಮು ಮಾಡಿಕೊಂಡ ಹುಡುಗ ಹುಡುಗಿಯರೂ ಕೇಳುತ್ತಾರೆ. ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೂರೂ ಹಿಡಿಸುತ್ತದೆ, ಚಿಂತೆ ಬೇಡ. ಆದರೆ ಮೊಬೈಲ್‌ನಲ್ಲಿ ಕಾಣುವ ಚಂದದ ರೂಮುಗಳ ಚಿತ್ರ ನೋಡಿ ಹಾಗೇ ಜೋಡಿಸಬೇಡಿ. ಆ ಚಿತ್ರಗಳಲ್ಲಿ ಎಲ್ಲ ಸಾಮಾನೂ ಗೋಡೆಗೆ ಅಂಟಿಕೊಂಡಿರುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ನೀರು ಕುಡಿದು ನಿಂತಿರುತ್ತದೆ. ಅದಕ್ಕೆ ಬೀರು ಅಂಟಿಸಿದರೆ ಆಗಸ್ಟ್ ಹೊತ್ತಿಗೆ ಬಟ್ಟೆಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಪುಸ್ತಕಕ್ಕೂ ಬೂಷ್ಟು. ಹಾಗಾಗಿ ಈ ಇಡೀ ಲೇಖನದಲ್ಲಿ ನಾನು ಹಿಡಿದಿರುವ ಕ್ರಮ ಒಂದೇ: ಮೊದಲು ಗೋಡೆ, ಆಮೇಲೆ ಮಂಚ.

ಒಂದು ಮಾತು. ಕೊಡಗು ಅಂದರೆ ಎಲ್ಲ ಕಡೆ ಒಂದೇ ಮಳೆ ಅಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಬೀಳುತ್ತದೆ. ಭಾಗಮಂಡಲದ ಕಡೆ ಅದಕ್ಕಿಂತಲೂ ಜಾಸ್ತಿ. ಕುಶಾಲನಗರದಲ್ಲಿ ಮಡಿಕೇರಿಯ ಅರ್ಧದಷ್ಟೂ ಇಲ್ಲ. ಕುಶಾಲನಗರದವರು ಗೋಡೆಯ ವಿಷಯದಲ್ಲಿ ಸ್ವಲ್ಪ ಸಡಿಲ ಬಿಡಬಹುದು. ಉಳಿದವರು ಬಿಡಬೇಡಿ.

ಏನೇನು ಬೇಕು, ಯಾವಾಗ ಮಾಡಬೇಕು

ಅಳತೆ ಟೇಪು, ಪೆನ್ಸಿಲ್, ಸ್ಕೇಲ್, ನಾಲ್ಕೈದು ಬಿಳಿ ಹಾಳೆ, ಒಂದು ಕಟ್ಟು ಹಳೇ ನ್ಯೂಸ್‌ಪೇಪರ್, ಅಗಲದ ಗಮ್ ಟೇಪು, ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ಎರಡು ಮೂರು, ಒಂದು ಟಾರ್ಚ್. ಸಾಧ್ಯವಾದರೆ ಹೈಗ್ರೋಮೀಟರ್ ಕೂಡ ತನ್ನಿ. ಅದು ಗಾಳಿಯಲ್ಲಿ ಎಷ್ಟು ತೇವ ಇದೆ ಎಂದು ತೋರಿಸುವ ಅಂಗೈ ಅಗಲದ ಮೀಟರ್, ದುಬಾರಿ ಏನಲ್ಲ. ಅದರಲ್ಲಿ ಶೇ. 60ಕ್ಕಿಂತ ಮೇಲೆ ದಿನಗಟ್ಟಲೆ ನಿಂತರೆ ಬೂಷ್ಟು ಬರುವ ಹವೆ ಅಂತ ತಿಳಿಯಿರಿ.

ನೋಡುವುದು ಮಳೆಗಾಲದಲ್ಲಿ, ಮಾಡುವುದು ಬಿಸಿಲುಗಾಲದಲ್ಲಿ. ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳ, ಮಳೆಯಲ್ಲಿ ರೂಮಿನ ನಿಜವಾದ ಗುಣ ಗೊತ್ತಾಗುತ್ತದೆ. ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬ ಪುತ್ತರಿ ಕಳೆದು ಕಾಫಿ ಕೊಯ್ಲು ನಡೆಯುವ ಹೊತ್ತಿಗೆ ಗೋಡೆ ಒಣಗಿರುತ್ತದೆ. ಪೇಂಟ್, ಬಡಗಿ ಕೆಲಸ, ಸಾಮಾನು ಸಾಗಿಸುವುದು ಎಲ್ಲ ಆಗ ಸುಲಭ. ಅಷ್ಟು ಕಾಯುವಷ್ಟು ಸಮಯ ಇಲ್ಲ ಅನ್ನುವವರೂ ಇರುತ್ತೀರಿ. ಅವರಿಗೂ ಮೊದಲ ಹಂತದಲ್ಲೇ ದಾರಿ ಇದೆ.

1. ಗೋಡೆ ನೋಡಿ

ನಾಲ್ಕು ಗೋಡೆಗಳಲ್ಲಿ ಹೊರಗೋಡೆ ಯಾವುದು, ಪಕ್ಕದ ರೂಮಿಗೆ ಸೇರಿದ ಒಳಗೋಡೆ ಯಾವುದು ಎಂದು ಗುರುತು ಮಾಡಿಕೊಳ್ಳಿ. ನಮ್ಮ ಮುಂಗಾರು ನೈಋತ್ಯದಿಂದ ಬರುತ್ತದೆ. ಹಾಗಾಗಿ ಪಡುವಣ ಮತ್ತು ತೆಂಕಣ ಹೊರಗೋಡೆಗಳಿಗೆ ಮಳೆಯ ಹೊಡೆತ ಜಾಸ್ತಿ. ಪಕ್ಕದಲ್ಲಿ ಧರೆ ಇದ್ದರೆ, ಅಂದರೆ ಮನೆಗೆ ತಾಗಿದಂತೆ ಮಣ್ಣಿನ ಏರು ಇದ್ದರೆ, ಆ ಕಡೆಯ ಗೋಡೆ ಯಾವ ದಿಕ್ಕಿನದ್ದಾದರೂ ಅನುಮಾನದಿಂದಲೇ ನೋಡಿ. ಅಲ್ಲಿ ನೀರು ಕೆಳಗಿನಿಂದ ಏರುತ್ತದೆ.

ಬೇಸಿಗೆಯಲ್ಲಿ ನೋಡುವವರು ಟಾರ್ಚನ್ನು ಗೋಡೆಗೆ ಒರಗಿಸಿ ಓರೆಯಾಗಿ ಬೆಳಕು ಬಿಡಿ. ಪೇಂಟ್ ಉಬ್ಬಿದ ಕಡೆ, ಬಿಳಿ ಉಪ್ಪಿನ ಪುಡಿ ಎದ್ದ ಕಡೆ, ಮೂಲೆಯ ಕಪ್ಪು ಚುಕ್ಕೆ, ತುಕ್ಕು ಹಿಡಿದ ಮೊಳೆ, ಇವೆಲ್ಲ ಹೋದ ಮಳೆಗಾಲದ ಸಾಕ್ಷಿ. ಹಳೇ ಬೀರು ಇದ್ದರೆ ಎಳೆದು ಅದರ ಹಿಂದೆ ನೋಡುವುದನ್ನು ಮರೆಯಬೇಡಿ.

ಮಳೆಗಾಲದಲ್ಲಿ ಮಾಡಬಹುದಾದ ಒಂದು ಪರೀಕ್ಷೆ ಇದೆ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಗಾಳಿ ನುಗ್ಗದಂತೆ ಗಮ್ ಟೇಪು ಹಚ್ಚಿ. ಎರಡು ದಿನ ಬಿಡಿ. ಹಾಳೆಯ ಒಳಗಡೆ, ಅಂದರೆ ಗೋಡೆಯ ಕಡೆ ಹನಿ ಕಂಡರೆ ಗೋಡೆಯೇ ನೀರು ಬಿಡುತ್ತಿದೆ. ರೂಮಿನ ಕಡೆ ಹನಿ ಕಂಡರೆ ಗೋಡೆ ತಣ್ಣಗಿದೆ, ರೂಮಿನ ಗಾಳಿಯಲ್ಲಿರುವ ತೇವ ಅದಕ್ಕೆ ತಾಗಿ ಹನಿಯಾಗುತ್ತಿದೆ. ಎರಡಕ್ಕೂ ಮದ್ದು ಬೇರೆ. ಮೊದಲನೆಯದಕ್ಕೆ ಹೊರಗಡೆಯಿಂದ ರಿಪೇರಿ ಬೇಕು: ಬಿರುಕು ಮುಚ್ಚುವುದು, ಕಿಟಕಿ ಮೇಲಿನ ಸಜ್ಜಾ ಸರಿಪಡಿಸುವುದು, ಮಾಡಿನ ನೀರು ಗೋಡೆಗೆ ಬೀಳದಂತೆ ಮಾಡುವುದು. ಎರಡನೆಯದಕ್ಕೆ ಗಾಳಿ ಆಡಬೇಕು, ಅಷ್ಟೇ.

ಇಲ್ಲಿ ತುಂಬಾ ಜನ ಮಾಡುವ ತಪ್ಪು ಹೇಳಿಬಿಡುತ್ತೇನೆ. ಒದ್ದೆ ಗೋಡೆ ಕಾಣಬಾರದು ಅಂತ ಅದರ ಮುಂದೆಯೇ ದೊಡ್ಡ ಬೀರು ಇಡುತ್ತಾರೆ, ಇಲ್ಲ ಅಂದರೆ ಒಳಗಡೆ ಪ್ಲಾಸ್ಟಿಕ್ ಶೀಟು ಹೊಡೆದು ಮುಚ್ಚುತ್ತಾರೆ. ತೇವ ಎಲ್ಲೂ ಹೋಗುವುದಿಲ್ಲ. ಕಣ್ಣಿಗೆ ಕಾಣದ ಕಡೆ ಕೂತು ಇನ್ನೂ ಜಾಸ್ತಿ ಕೆಲಸ ಮಾಡುತ್ತದೆ. ಒದ್ದೆ ಗೋಡೆಯನ್ನು ಬರಿದಾಗಿ ಬಿಡಿ. ಚಿಕ್ಕ ರೂಮಿನಲ್ಲಿ ಒಂದು ಗೋಡೆ ಖಾಲಿ ಬಿಡುವುದು ನಷ್ಟ ಅನ್ನಿಸಬಹುದು. ಆದರೆ ಕಿಟಕಿ ಸಾಮಾನ್ಯವಾಗಿ ಇರುವುದೂ ಆ ಗೋಡೆಯಲ್ಲೇ ಅಲ್ವಾ? ಬರಿದಾದ ಗೋಡೆಯಿಂದ ರೂಮು ದೊಡ್ಡದಾಗಿಯೂ ಕಾಣುತ್ತದೆ.

2. ಅಳೆಯಿರಿ, ಬರೆಯಿರಿ

ಉದ್ದ, ಅಗಲ ಅಷ್ಟೇ ಅಳೆದರೆ ಸಾಲದು. ಬಾಗಿಲಿನ ಅಗಲ, ಅದು ಯಾವ ಕಡೆ ತೆರೆಯುತ್ತದೆ, ಕಿಟಕಿ ನೆಲದಿಂದ ಎಷ್ಟು ಎತ್ತರ, ಕಿಟಕಿ ಬಾಗಿಲು ಒಳಗೆ ಬರುತ್ತದೋ ಹೊರಗೆ ಹೋಗುತ್ತದೋ, ಪ್ಲಗ್ ಪಾಯಿಂಟ್ ಎಲ್ಲಿದೆ, ಫ್ಯಾನ್ ಎಲ್ಲಿದೆ, ಎಲ್ಲ ಬರೆದುಕೊಳ್ಳಿ. ಹಳೇ ಮನೆಗಳಲ್ಲಿ ಎದುರುಬದುರು ಗೋಡೆಗಳ ಉದ್ದ ಒಂದೇ ಇರುವುದಿಲ್ಲ. ಎರಡನ್ನೂ ಅಳೆದು ಚಿಕ್ಕದನ್ನೇ ಲೆಕ್ಕಕ್ಕೆ ಹಿಡಿಯಿರಿ.

ಹಾಳೆಯಲ್ಲಿ ಒಂದು ಅಡಿಗೆ 2 ಸೆಂ.ಮೀ. ಲೆಕ್ಕ ಇಟ್ಟುಕೊಳ್ಳಿ. ಆಗ 6 ಇಂಚಿಗೆ 1 ಸೆಂ.ಮೀ. ಬರುತ್ತದೆ, 10 ಅಡಿಯ ರೂಮು ಒಂದೇ ಹಾಳೆಯಲ್ಲಿ ಹಿಡಿಯುತ್ತದೆ. ಮಂಚ, ಮೇಜು, ಬೀರನ್ನು ಅದೇ ಅಳತೆಯಲ್ಲಿ ಬೇರೆ ಕಾಗದದಲ್ಲಿ ಕತ್ತರಿಸಿ ನಕ್ಷೆಯ ಮೇಲೆ ಸರಿಸಿ ನೋಡಿ. ಈ ಕೆಲಸಕ್ಕೆ ಕಾಲು ಗಂಟೆ ಸಾಕು. ಇದನ್ನು ಬಿಟ್ಟವರು ಆಮೇಲೆ ಇಡೀ ಭಾನುವಾರ ಬೀರು ಎಳೆದಾಡುತ್ತಾರೆ.

ಇನ್ನೊಂದು ಅಳತೆಯನ್ನು ಎಲ್ಲರೂ ಮರೆಯುತ್ತಾರೆ. ಅದು ದಾರಿಯದ್ದು. ಗೇಟು, ಮೆಟ್ಟಿಲು, ಮೆಟ್ಟಿಲು ತಿರುಗುವ ಜಾಗ, ರೂಮಿನ ಬಾಗಿಲು. ಮರದ ಕಿರಿದಾದ ಏಣಿಮೆಟ್ಟಿಲಿನ ಮನೆಗಳಲ್ಲಿ ಜೋಡಿಸಿದ ಬೀರು ಮಹಡಿಗೆ ಹತ್ತುವುದೇ ಇಲ್ಲ. ಅಂಥ ಕಡೆ ಬಿಡಿ ಭಾಗಗಳಾಗಿ ತಂದು ರೂಮಿನೊಳಗೆ ಜೋಡಿಸುವಂಥದ್ದನ್ನೇ ತೆಗೆದುಕೊಳ್ಳಿ.

3. ರೂಮಿನಲ್ಲಿ ಇರುವವರನ್ನು ಕೇಳಿ

ಅಪ್ಪ ಅಮ್ಮಂದಿರಿಗೆ ಇದು ನನ್ನ ಕಳಕಳಿಯ ಮಾತು. ಇಪ್ಪತ್ತು, ಇಪ್ಪತ್ತೈದು ವರ್ಷದ ಮಕ್ಕಳ ರೂಮನ್ನು ಅವರನ್ನು ಕೇಳದೆ ಜೋಡಿಸಬೇಡಿ. ಆ ನಾಲ್ಕು ಗೋಡೆಯೊಳಗೆ ಅವರು ಮಲಗುತ್ತಾರೆ, ಕೆಲಸ ಮಾಡುತ್ತಾರೆ, ಸ್ನೇಹಿತರ ಜೊತೆ ಮಾತಾಡುತ್ತಾರೆ, ಒಬ್ಬರೇ ಕೂರುತ್ತಾರೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ಮಾಡುತ್ತೀಯ ಅಂತ ಕೇಳಿ ಬರೆದುಕೊಳ್ಳಿ. ಹಾಕಿ ಆಡುವ ಹುಡುಗನಿಗೆ ಸ್ಟಿಕ್ಕು, ಕಿಟ್ ಬ್ಯಾಗು ಇಡಲು ಗಾಳಿ ಆಡುವ ಮೂಲೆ ಬೇಕು. ರಾತ್ರಿ ಪಾಳಿಯ ಕೆಲಸದವಳಿಗೆ ಹಗಲು ಕತ್ತಲೆ ಬೇಕು, ಅಂದರೆ ದಪ್ಪ ಪರದೆ.

ಆಮೇಲೆ ಹೊರಹೋಗಬೇಕಾದ್ದನ್ನು ಪಟ್ಟಿ ಮಾಡಿ. ನಮ್ಮ ಮನೆಗಳಲ್ಲಿ ಮಕ್ಕಳು ಊರಿಗೆ ಹೋದ ಮೇಲೆ ಅವರ ರೂಮು ಉಗ್ರಾಣ ಆಗಿರುತ್ತದೆ. ಮೆಣಸಿನ ಚೀಲ, ಹಳೇ ಟಿವಿ, ಮದುವೆ ಪಾತ್ರೆ. ಅದೆಲ್ಲ ಇದ್ದ ಹಾಗೇ ಇದ್ದರೆ ಎಂಥ ಜೋಡಣೆಯೂ ಕೂರುವುದಿಲ್ಲ. ಮೆಣಸು, ಕಾಫಿಯಂಥ ಫಸಲನ್ನಂತೂ ಮಲಗುವ ರೂಮಿನಲ್ಲಿ ಇಡಲೇಬೇಡಿ. ಫಸಲಿಗೂ ತೇವ ಬಡಿಯುತ್ತದೆ, ಮಲಗುವವರಿಗೂ ಧೂಳು.

4. ಮಂಚ

ಮೂರು ಅಳತೆ ತಿಳಿದಿದ್ದರೆ ಸಾಕು. ಸಿಂಗಲ್ ಹಾಸಿಗೆ 36 ಇಂಚು ಅಗಲ, ಉದ್ದ 72ರಿಂದ 78 ಇಂಚು. ಅದಕ್ಕಿಂತ ಸ್ವಲ್ಪ ದೊಡ್ಡದು 48 ಇಂಚು ಅಗಲದ್ದು. ಕ್ವೀನ್ ಅನ್ನುವುದು 60 ಇಂಚು. 10ಕ್ಕೆ 9ರ ರೂಮಿನಲ್ಲಿ ಮೇಜೂ ಬೇಕು ಅಂದರೆ 36 ಇಂಚಿನದ್ದೇ ಸರಿ. ಮೇಜು ಬೇರೆ ಕಡೆ ಇದ್ದರೆ 48 ಹಾಕಬಹುದು. 60 ಹಾಕಿದರೆ ಅದು ಮಂಚದ ರೂಮು, ಮನುಷ್ಯರ ರೂಮಲ್ಲ. ಐದು ಅಡಿ ಎಂಟು ಇಂಚಿಗಿಂತ ಎತ್ತರದ ಮಕ್ಕಳಿಗೆ 78 ಇಂಚು ಉದ್ದದ ಹಾಸಿಗೆಯೇ ಇರಲಿ, 72ರಲ್ಲಿ ಕಾಲು ಹೊರಗೆ ಬರುತ್ತದೆ. ಹಾಸಿಗೆಯ ಅಳತೆಗೆ ಮಂಚದ ಚೌಕಟ್ಟಿನದ್ದು ಒಂದೆರಡು ಇಂಚು ಸೇರಿಸಿಯೇ ನಕ್ಷೆಯಲ್ಲಿ ಬರೆಯಿರಿ.

ಮಂಚದ ಜಾಗ ಒಳಗೋಡೆಯ ಪಕ್ಕ. ಕಿಟಕಿ ಕೆಳಗೆ ಬೇಡ. ಬೇರೆ ಊರಿನವರಿಗೆ ಕಿಟಕಿ ಪಕ್ಕದ ಮಂಚ ಸೊಗಸು. ನಮ್ಮಲ್ಲಿ ಗಾಳಿಮಳೆ ಬಂದರೆ ಸರಳಿನ ಸಂದಿಯಿಂದ ಎರಚಲು ನೇರ ಹಾಸಿಗೆಗೆ ಬೀಳುತ್ತದೆ. ಅದಕ್ಕೆ ಹೆದರಿ ಕಿಟಕಿ ಮುಚ್ಚಿಡುತ್ತಾರೆ, ಗಾಳಿ ನಿಲ್ಲುತ್ತದೆ, ಬೂಷ್ಟು ಶುರುವಾಗುತ್ತದೆ. ತಲೆ ಉತ್ತರಕ್ಕೆ ಹಾಕಬಾರದು ಎನ್ನುವ ಮನೆಗಳೇ ಜಾಸ್ತಿ. ಅದನ್ನೂ ಮೊದಲೇ ನಕ್ಷೆಯಲ್ಲಿ ಗುರುತು ಮಾಡಿ. ಮಂಚ ತಂದ ಮೇಲೆ ಅಜ್ಜಿ ಬೇಡ ಅಂದರೆ ಎಲ್ಲ ಮೊದಲಿಂದ ಮಾಡಬೇಕಾಗುತ್ತದೆ.

ಬಾಕ್ಸ್ ಮಂಚದ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೆಳಗೆ ಪೆಟ್ಟಿಗೆಯಂತೆ ಮುಚ್ಚಿ ಸಾಮಾನು ತುಂಬುವ ಮಂಚ ಅದು. ಕುಶಾಲನಗರದಲ್ಲಿ ತೊಂದರೆ ಇಲ್ಲ. ಮಡಿಕೇರಿ, ಭಾಗಮಂಡಲ, ಸೋಮವಾರಪೇಟೆಯ ಮಳೆ ಕಡೆಯವರಿಗೆ ನಾನು ಬೇಡ ಅನ್ನುತ್ತೇನೆ. ಮುಚ್ಚಿದ ಪೆಟ್ಟಿಗೆಯಲ್ಲಿ ರಗ್ಗು, ಕಂಬಳಿ ತುಂಬಿಟ್ಟು ನಾಲ್ಕು ತಿಂಗಳ ನಂತರ ತೆರೆದರೆ ವಾಸನೆ ತಡೆಯಲಾಗುವುದಿಲ್ಲ. ಬದಲಿಗೆ 12ರಿಂದ 14 ಇಂಚು ಎತ್ತರದ ಕಾಲಿರುವ ಮಂಚ ಮಾಡಿಸಿ. ಕೆಳಗೆ ಚಕ್ರ ಇರುವ, ಪಕ್ಕದಲ್ಲಿ ತೂತು ಇರುವ ಡಬ್ಬಗಳನ್ನು ಇಡಿ. ಕಸ ಗುಡಿಸುವುದೂ ಸುಲಭ. ಪುತ್ತರಿಗೆ, ಮದುವೆಗೆ ನೆಂಟರು ಬಂದಾಗ ಬೇಕಾಗುವ ಮಡಚುವ ಹಾಸಿಗೆಯನ್ನೂ ಮಂಚದ ಕೆಳಗೇ ಇಡಬಹುದು. ಆದರೆ ಜೂನ್ ಬರುವ ಮೊದಲು ಅದನ್ನು ತೆಗೆದು ಒಲೆಯ ಬಿಸಿ ತಾಗುವ ಒಣ ಜಾಗಕ್ಕೆ, ಅಟ್ಟಕ್ಕೆ ಸಾಗಿಸಿ.

ಹಾಸಿಗೆಯ ಕೆಳಗೆ ಪೂರ್ತಿ ಹಲಗೆ ಬೇಡ. ಎರಡೆರಡು ಇಂಚು ಸಂದಿ ಬಿಟ್ಟು ಪಟ್ಟಿ ಹೊಡೆಸಿ. ಈಗಾಗಲೇ ಪ್ಲೈವುಡ್ ಹಲಗೆ ಇದ್ದರೆ ಅಡಿಗೊಂದರಂತೆ ಒಂದು ಇಂಚಿನ ತೂತು ಕೊರೆಸಿ. ರಾತ್ರಿ ಮೈಯ ಬೆವರಿನ ತೇವ ಹಾಸಿಗೆ ಇಳಿದು ಹಲಗೆಗೆ ತಾಗಿ ಅಲ್ಲೇ ನಿಲ್ಲುತ್ತದೆ. ಹಾಸಿಗೆಯ ಅಡಿಯಲ್ಲಿ ಕಪ್ಪು ಚುಕ್ಕೆ ಬರುವುದು ಇದರಿಂದಲೇ. ನೆಲದ ಮೇಲೆ ನೇರ ಹಾಸಿಗೆ ಹಾಕುವುದು ಈಗ ಹುಡುಗರಿಗೆ ಇಷ್ಟ. ಮಳೆಗಾಲದಲ್ಲಿ ದಯವಿಟ್ಟು ಬೇಡ.

ಮನೆಯಲ್ಲಿ ಅಜ್ಜನ ಕಾಲದ ಹಲಸಿನ ಅಥವಾ ಬೀಟೆ ಮರದ ಮಂಚ ಇರಬಹುದು. ಅದನ್ನು ಚಿಕ್ಕ ರೂಮಿಗೆ ಹಿಡಿಸಲು ಕೊಯ್ದು ಅಗಲ ಕಡಿಮೆ ಮಾಡಿಸುತ್ತೀರಾ ಅಂತ ಬಡಗಿಗಳು ಕೇಳುತ್ತಾರೆ. ಮಾಡಿಸಬೇಡಿ. ಅಂಥ ಮರ ಈಗ ಸಿಗುವುದು ಕಷ್ಟ. ಆ ಮಂಚ ದೊಡ್ಡ ರೂಮಿಗೆ ಹೋಗಲಿ.

5. ಬೀರು ಅಥವಾ ಕಪಾಟು

ಚಿಕ್ಕ ರೂಮಿನಲ್ಲಿ ಹೆಚ್ಚು ಹಣ ಹಾಳಾಗುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಓದಿ.

ಜಾಗ ಮೊದಲು. ಒಳಗೋಡೆಗೆ ಇಡಿ. ಅಲ್ಲೂ ಒಂದು ಇಂಚು ಸಂದಿ ಬಿಡಿ. ಹೊರಗೋಡೆಗೇ ಇಡಬೇಕಾಗಿ ಬಂದರೆ ಮೂರು ಇಂಚು ಬಿಡಿ. ಕೆಳಗೆ ಎರಡು ಇಂಚಾದರೂ ಎತ್ತರದ ಕಾಲು ಇರಲಿ. ಮೇಲೆ ಅಟ್ಟದವರೆಗೆ ಮುಚ್ಚಿಸಬೇಡಿ. ಗಾಳಿ ಹಿಂದಿನಿಂದ ಏರಿ ಮೇಲಿಂದ ಹೊರಹೋಗಬೇಕು.

ಬಟ್ಟೆ ನೇತು ಹಾಕುವ ಹ್ಯಾಂಗರ್ 17, 18 ಇಂಚು ಅಗಲ ಇರುತ್ತದೆ. ಕಪಾಟಿನ ಒಳಗೆ 20 ಇಂಚಾದರೂ ಆಳ ಇಲ್ಲದಿದ್ದರೆ ಬಾಗಿಲು ಕೂರುವುದಿಲ್ಲ. ಬಾಗಿಲು ತೆರೆಯುವ ಜಾಗ ನಕ್ಷೆಯಲ್ಲಿ ಸೇರಿಸಿ. ಮೂರು ಅಡಿ ಕಪಾಟಿಗೆ ಎರಡು ಬಾಗಿಲು ಇದ್ದರೆ ಒಂದೊಂದೂ ಒಂದೂವರೆ ಅಡಿ ಮುಂದೆ ಬರುತ್ತದೆ. ಜಾರುಬಾಗಿಲು, ಅಂದರೆ ಪಕ್ಕಕ್ಕೆ ಸರಿಯುವಂಥದ್ದು, ಜಾಗ ಉಳಿಸುತ್ತದೆ ನಿಜ. ಆದರೆ ಒಂದು ಸಲಕ್ಕೆ ಅರ್ಧ ಕಪಾಟು ಮಾತ್ರ ತೆರೆಯುತ್ತದೆ, ಒಳಗೆ ಗಾಳಿಯೂ ಕಡಿಮೆ. ಜಾಗ ನಿಜವಾಗಿಯೂ ಇಲ್ಲದಿದ್ದರೆ ಮಾತ್ರ ಅದು.

ಯಾವುದರಿಂದ ಮಾಡಿದ್ದು ಅಂತ ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಿ. ಪಾರ್ಟಿಕಲ್ ಬೋರ್ಡ್ ಅಂದರೆ ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ. ನೋಡಲು ಚಂದ, ಬೆಲೆ ಕಡಿಮೆ. ನೀರು ತಾಗಿದರೆ ಬಿಸ್ಕತ್ತಿನ ಹಾಗೆ ಉಬ್ಬುತ್ತದೆ, ಮತ್ತೆ ಇಳಿಯುವುದಿಲ್ಲ. ನಾನೂ ಒಮ್ಮೆ ಅಂಗಡಿಯವರ ಮಾತು ನಂಬಿ ಇಂಥದ್ದೊಂದು ತಂದಿದ್ದೆ. ಎರಡನೇ ಮಳೆಗಾಲಕ್ಕೆ ಅಡಿಭಾಗ ಉಬ್ಬಿ ಬಾಗಿಲು ಮುಚ್ಚದಂತಾಯಿತು. ಪ್ಲೈವುಡ್ ಅಂದರೆ ತೆಳು ಮರದ ಪದರಗಳನ್ನು ಅಡ್ಡ ಉದ್ದ ಅಂಟಿಸಿದ್ದು. ಅದರಲ್ಲಿ ಎಂಆರ್ ಎನ್ನುವ ದರ್ಜೆ ತೇವ ಸ್ವಲ್ಪ ತಡೆಯುತ್ತದೆ ಅಷ್ಟೇ, ನೀರು ತಡೆಯುವುದಿಲ್ಲ. ಬಿಡಬ್ಲ್ಯೂಆರ್ ಅದಕ್ಕಿಂತ ಗಟ್ಟಿ. ಮರೈನ್ ಪ್ಲೈವುಡ್ ಎಲ್ಲಕ್ಕಿಂತ ಗಟ್ಟಿ, ಅದರ ಮೇಲೆ ಐಎಸ್ 710 ಎಂಬ ಗುರುತು ಇರುತ್ತದೆ. ಇಡೀ ಕಪಾಟಿಗೆ ಮರೈನ್ ಬೇಕಿಲ್ಲ. ಬಿಡಬ್ಲ್ಯೂಆರ್‌ನಲ್ಲಿ ಮಾಡಿಸಿ, ಕೆಳಗಿನ ಹಲಗೆ ಮತ್ತು ಹಿಂದಿನ ಹಲಗೆಗೆ ಮಾತ್ರ ಮರೈನ್ ಹಾಕಿಸಿ. ಕೊಯ್ದ ಅಂಚುಗಳಿಗೆಲ್ಲ, ಕಾಣದ ಹಿಂಭಾಗಕ್ಕೂ, ಪಾಲಿಶ್ ಇಲ್ಲವೇ ಪೇಂಟ್ ಹಚ್ಚಲು ಹೇಳಿ. ನೀರು ನುಗ್ಗುವುದು ಅಂಚಿನಿಂದಲೇ.

ತೋಟದ ಸಿಲ್ವರ್ ಓಕ್ ಕಡಿಸಿ ಮಾಡಿಸುವವರಿಗೆ ಒಂದು ಎಚ್ಚರಿಕೆ. ಹಸಿ ಮರದಲ್ಲಿ ಕೆಲಸ ಮಾಡಿಸಬೇಡಿ. ಸೀಸನಿಂಗ್, ಅಂದರೆ ಕೊಯ್ದ ಹಲಗೆಯನ್ನು ನೆರಳಲ್ಲಿ ಅಟ್ಟಿ ಹಾಕಿ ತಿಂಗಳುಗಟ್ಟಲೆ ಆರಿಸುವುದು, ಆಗಿರಲೇಬೇಕು. ಇಲ್ಲದಿದ್ದರೆ ಹಲಗೆ ತಿರುಚಿಕೊಳ್ಳುತ್ತದೆ. ಬೀಟೆ ಮರ ನಿಮ್ಮ ತೋಟದ್ದೇ ಆದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ಮಾರ್ಚ್‌ನಲ್ಲಿ ಮಾಡಿದ ಮರದ ಡ್ರಾಯರ್ ಜುಲೈನಲ್ಲಿ ಉಬ್ಬಿ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಮೊದಲೇ ಸ್ವಲ್ಪ ಸಡಿಲ ಬಿಡಲು ಬಡಗಿಗೆ ಹೇಳಿ.

ಕಬ್ಬಿಣದ ಬೀರು ನಮ್ಮ ಮನೆಗಳಿಗೆ ಹಳೇ ಗೆಳೆಯ. ಉಬ್ಬುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ. ಕಾಲಿನ ಕೆಳಗೆ ಮರದ ತುಂಡು ಇಟ್ಟು ನೆಲದ ತೇವ ತಪ್ಪಿಸಿ. ತಣ್ಣನೆ ಹವೆಯಲ್ಲಿ ಒಳಗಿನ ತಗಡು ಬೆವರುತ್ತದೆ, ಹಾಗಾಗಿ ಬಟ್ಟೆಯನ್ನು ತಗಡಿಗೆ ಒತ್ತಿ ತುಂಬಬೇಡಿ.

ಒಳಗಿನ ಜೋಡಣೆಯಲ್ಲಿ ಕುಪ್ಯಕ್ಕೆ, ಅಂದರೆ ಕೊಡವ ಗಂಡಸರ ನಿಲುವಂಗಿಗೆ, ಉದ್ದ ಜಾಗ ಬಿಡಿ. ಮಡಚದೆ ನೇತು ಹಾಕಲು ಸುಮಾರು 4 ಅಡಿ ಎತ್ತರ ಬೇಕು. ಅಂಗಡಿಯ ಸಿದ್ಧ ಕಪಾಟುಗಳಲ್ಲಿ ಷರ್ಟಿನ ಅಳತೆಗೆ ಅಡ್ಡ ಹಲಗೆ ಇರುತ್ತದೆ, ಅದು ಸಾಲದು. ಕುಪ್ಯಕ್ಕೂ ರೇಷ್ಮೆ ಸೀರೆಗೂ ಪ್ಲಾಸ್ಟಿಕ್ ಕವರ್ ಬೇಡ, ಹಳೇ ಹತ್ತಿ ಪಂಚೆ ಸುತ್ತಿ. ನುಸಿಗುಳಿಗೆ ಹುಳಕ್ಕೆ ಮದ್ದು, ಬೂಷ್ಟಿಗೆ ಅಲ್ಲ. ತೇವ ಹೀರುವ ಡಬ್ಬಗಳು ಸಿಗುತ್ತವೆ. ಅವುಗಳಲ್ಲಿರುವ ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯ ತೇವ ಹೀರಿ ಡಬ್ಬದಲ್ಲಿ ನೀರಾಗಿ ನಿಲ್ಲುತ್ತದೆ. ಅದನ್ನು ಕೆಳ ಅರೆಯಲ್ಲಿ ಮಗುಚದಂತೆ ಇಡಿ. ಆ ನೀರು ಚರ್ಮದ ವಸ್ತುವಿಗೆ, ಬಟ್ಟೆಗೆ ಚೆಲ್ಲಿದರೆ ಹಾಳು. ಕಪಾಟಿನೊಳಗೆ ಬಲ್ಬು ಉರಿಸುವ ಹಳೇ ಉಪಾಯವನ್ನು ಮಾಡಬೇಡಿ, ಬಟ್ಟೆ ತಾಗಿದರೆ ಬೆಂಕಿ.

6. ಮೇಜು

ಎತ್ತರ 29, 30 ಇಂಚು. ಆಳ 22 ಇಂಚು ಸಾಕು. ಅಗಲ 36 ಇಂಚಿಗಿಂತ ಕಡಿಮೆ ಬೇಡ. ಕುರ್ಚಿ ಹಿಂದೆ ಸರಿಸಲು ಮೇಜಿನ ಅಂಚಿನಿಂದ 30 ಇಂಚು ಬಿಡಿ.

ಮೇಜು ಎಲ್ಲಿ ಎಂದು ತೀರ್ಮಾನಿಸುವ ಮೊದಲು ಫೋನ್ ಹಿಡಿದು ರೂಮಿಡೀ ಓಡಾಡಿ ನೆಟ್‌ವರ್ಕ್ ಎಲ್ಲಿ ನಿಲ್ಲುತ್ತದೆ ನೋಡಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ತೋಟದ ಮನೆಯವರಿಗೆ ಇದು ಏನು ಅಂತ ವಿವರಿಸಬೇಕಿಲ್ಲ. ವೈಫೈ ಇದ್ದರೆ ರೂಟರ್ ಮತ್ತು ಮೇಜಿನ ನಡುವೆ ಕಬ್ಬಿಣದ ಬೀರು ಬರದಂತೆ ನೋಡಿಕೊಳ್ಳಿ, ತಗಡು ಸಿಗ್ನಲ್ ತಡೆಯುತ್ತದೆ. ಆಮೇಲೆ ಇನ್ವರ್ಟರ್ ಲೈನು ಯಾವ ಪ್ಲಗ್‌ಗೆ ಬಂದಿದೆ ಎಂದು ನೋಡಿ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಆ ಒಂದು ಪ್ಲಗ್ಗೇ ಗತಿ. ಎಕ್ಸ್‌ಟೆನ್ಶನ್ ಬಾಕ್ಸನ್ನು ನೆಲದ ಮೇಲೆ, ಒದ್ದೆ ಗೋಡೆಯ ಬುಡದಲ್ಲಿ ಇಡಬೇಡಿ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಚಾರ್ಜರ್, ರೂಟರ್ ಪ್ಲಗ್ ಕಿತ್ತಿಡುವುದು ಅಭ್ಯಾಸವಾಗಲಿ, ಅದಕ್ಕೆ ಪ್ಲಗ್ ಕೈಗೆ ಸಿಗುವಂತಿರಬೇಕು.

ಬಲಗೈಯಲ್ಲಿ ಬರೆಯುವವರಿಗೆ ಕಿಟಕಿ ಬೆಳಕು ಎಡದಿಂದ ಬರಲಿ. ಕಿಟಕಿಯ ಎದುರಿಗೇ ಕೂತರೆ ಕಣ್ಣಿಗೆ ಕುಕ್ಕುತ್ತದೆ, ಬೆನ್ನಿಗೆ ಬಂದರೆ ಕಂಪ್ಯೂಟರ್ ಪರದೆ ಹೊಳೆಯುತ್ತದೆ. ಜುಲೈನಲ್ಲಿ ಮಧ್ಯಾಹ್ನವೂ ಮಬ್ಬು, ಟೇಬಲ್ ಲ್ಯಾಂಪ್ ಬೇಕೇ ಬೇಕು.

ಒಂದು ಲೆಕ್ಕ

ರೂಮು ಮೂಡು-ಪಡುವಾಗಿ 10 ಅಡಿ, ತೆಂಕು-ಬಡಗಾಗಿ 9 ಅಡಿ ಎಂದುಕೊಳ್ಳಿ. ಪಡುವಣ ಗೋಡೆ ಮಾತ್ರ ಹೊರಗೋಡೆ, ಕಿಟಕಿ ಅಲ್ಲಿ. ಬಾಗಿಲು ಮೂಡಣ ಗೋಡೆಯ ಬಡಗು ತುದಿಯಲ್ಲಿ, ತೆರೆದರೆ ಬಡಗಣ ಗೋಡೆಗೆ ಒರಗುತ್ತದೆ.

ಮಂಚ, ಚೌಕಟ್ಟು ಸೇರಿ 80ಕ್ಕೆ 38 ಇಂಚು, ತೆಂಕಣ ಗೋಡೆಯ ಉದ್ದಕ್ಕೆ. ತಲೆ ಮೂಡಣ ಮೂಲೆಗೆ. ಕಾಲಿನ ತುದಿಯಿಂದ ಪಡುವಣ ಗೋಡೆಗೆ 40 ಇಂಚು ಉಳಿಯುತ್ತದೆ. ಬಡಗಣ ಗೋಡೆಯಲ್ಲಿ ಪಡುವಣ ಮೂಲೆಯಿಂದ 6 ಇಂಚು ಬಿಟ್ಟು 42 ಇಂಚಿನ ಮೇಜು, ಅದರ ಪಕ್ಕ 36 ಇಂಚಿನ ಕಪಾಟು. ಇಷ್ಟಕ್ಕೆ 84 ಇಂಚು. ಉಳಿದ 36 ಇಂಚು ಬಾಗಿಲು ಒರಗಲು. ಮೇಜಿಗೆ ಕೂತವರು ಬಡಗಣ ಗೋಡೆಗೆ ಮುಖ ಮಾಡುತ್ತಾರೆ, ಬೆಳಕು ಎಡದಿಂದ. 22 ಇಂಚು ಆಳದ ಕಪಾಟಿಗೂ ಮಂಚಕ್ಕೂ ನಡುವೆ 4 ಅಡಿಯ ಹತ್ತಿರ ಜಾಗ. ಕಪಾಟಿನ ಬಾಗಿಲು ತೆರೆದರೂ 29, 30 ಇಂಚು ನಿಲ್ಲಲು ಉಳಿಯುತ್ತದೆ. ಪಡುವಣ ಗೋಡೆ ಪೂರ್ತಿ ಖಾಲಿ, ಕಿಟಕಿಗೆ ದಾರಿ ಮುಕ್ತ.

ನಿಮ್ಮ ಬಾಗಿಲು ಬೇರೆ ಕಡೆ ಇದ್ದರೆ ಕ್ರಮ ಅದೇ: ಒದ್ದೆ ಗೋಡೆ ಬಿಡಿ, ನಡೆಯುವ ದಾರಿಗೆ 24 ಇಂಚಿಗಿಂತ ಕಡಿಮೆ ಮಾಡಬೇಡಿ, ಉಳಿದದ್ದು ತಾನಾಗಿ ಕೂರುತ್ತದೆ.

7. ಪೇಪರ್ ಹಾಸಿ ಎರಡು ದಿನ ಓಡಾಡಿ

ಹಣ ಕೊಡುವ ಮೊದಲು ನ್ಯೂಸ್‌ಪೇಪರನ್ನು ನಿಜವಾದ ಅಳತೆಗೆ ಅಂಟಿಸಿ ನೆಲಕ್ಕೆ ಹಾಸಿ. ಮಂಚ ಬರುವಲ್ಲಿ ಒಂದು, ಮೇಜಿಗೆ ಒಂದು, ಕಪಾಟಿಗೆ ಒಂದು. ರೂಮಿನಲ್ಲಿ ಇರುವವರು ಎರಡು ದಿನ ಅದನ್ನು ತುಳಿಯದೆ ಓಡಾಡಲಿ, ರಾತ್ರಿ ಲೈಟ್ ಆರಿಸಿಯೂ. ತುಳಿದ ಗುರುತು ಬಿದ್ದ ಕಡೆ ಸಾಮಾನು ಅಡ್ಡ ಬರುತ್ತದೆ ಎಂದರ್ಥ.

8. ಒಳಗೆ ತರುವುದು

ಮೊದಲು ಕಪಾಟು, ಆಮೇಲೆ ಮಂಚ, ಕೊನೆಗೆ ಮೇಜು. ಹಳೇ ಮನೆಯ ನೆಲ ಮಟ್ಟ ಇರುವುದಿಲ್ಲ. ಕಪಾಟಿನ ಬಾಗಿಲು ತಾನಾಗಿ ತೆರೆದುಕೊಂಡರೆ ಕೀಲು ಕೆಟ್ಟಿಲ್ಲ, ನೆಲ ಓರೆ ಇದೆ. ಕಾಲಿನ ಕೆಳಗೆ ತೆಳು ಪಟ್ಟಿ ಕೊಡಿ.

ಎತ್ತರದ ಕಪಾಟನ್ನು ಮೇಲ್ಭಾಗದಲ್ಲಿ ಎಲ್ ಆಕಾರದ ಕ್ಲಾಂಪ್ ಹಾಕಿ ಗೋಡೆಗೆ ಬಿಗಿಸಿ. ಹಿಂದಿನ ಸಂದಿಗೆ ಮರದ ತುಂಡು ಕೊಟ್ಟು ಬಿಗಿಸಿದರೆ ಗಾಳಿಯೂ ಆಡುತ್ತದೆ, ಕಪಾಟೂ ನಿಲ್ಲುತ್ತದೆ. 2022ರ ಜೂನ್, ಜುಲೈನಲ್ಲಿ ಚೆಂಬು, ಕರಿಕೆ ಕಡೆ ನೆಲ ಅಲುಗಾಡಿದ್ದು ನೆನಪಿರಬಹುದು. ದೊಡ್ಡದಲ್ಲದಿದ್ದರೂ ಪಾತ್ರೆಗಳು ಅಲ್ಲಾಡಿದ್ದನ್ನು ಜನ ಕಂಡಿದ್ದಾರೆ. ಅದೇ ಕಾರಣಕ್ಕೆ ತಲೆದಿಂಬಿನ ಮೇಲೆ ಪುಸ್ತಕದ ಹಲಗೆ, ಗಾಜಿನ ಚೌಕಟ್ಟು ಬೇಡ. ಹಲಗೆ ಬೇಕಾದರೆ ಮೇಜಿನ ಮೇಲೆ ಹೊಡೆಸಿ. ಮಣ್ಣಿನ ಗೋಡೆಗೆ ಮೊಳೆ ನಿಲ್ಲುವುದಿಲ್ಲ, ಅಲ್ಲಿ ನೆಲದಲ್ಲಿ ನಿಲ್ಲುವ ರ‍್ಯಾಕ್ ಇಡಿ.

9. ಒದ್ದೆ ಬಟ್ಟೆ, ಬೆಚ್ಚನೆ ಕೆಂಡ

ಮಳೆಗಾಲದಲ್ಲಿ ರೂಮಿನೊಳಗೆ ಹಗ್ಗ ಕಟ್ಟಿ ಬಟ್ಟೆ ಹಾಕುವುದು ನಮ್ಮಲ್ಲಿ ಮಾಮೂಲು. ಒಂದು ಬಕೆಟ್ ಬಟ್ಟೆ ಆರುವಾಗ ಲೀಟರ್‌ಗಟ್ಟಲೆ ನೀರು ಗಾಳಿಗೆ ಸೇರುತ್ತದೆ. ಅದು ಬೇರೆಲ್ಲಿ ಹೋಗಬೇಕು? ಕಪಾಟಿಗೆ, ಹಾಸಿಗೆಗೆ. ಜಗಲಿ, ಒಲೆಕೋಣೆ, ಶೆಡ್ಡು, ಎಲ್ಲಾದರೂ ಆಗಲಿ, ಮಲಗುವ ರೂಮು ಬೇಡ. ಬೇರೆ ದಾರಿಯೇ ಇಲ್ಲದಿದ್ದರೆ ಫ್ಯಾನ್ ಹಾಕಿ, ಕಿಟಕಿಯ ಒಂದು ರೆಕ್ಕೆ ತೆರೆದಿಡಿ.

ಇದನ್ನು ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಚಿಕ್ಕ ರೂಮಿನ ಬಾಗಿಲು ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗಬೇಡಿ. ಕೆಂಡದಿಂದ ಕಾರ್ಬನ್ ಮೋನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಎಲೆಕ್ಟ್ರಿಕ್ ಹೀಟರ್ ಇಡುವವರು ಹಾಸಿಗೆ, ಪರದೆಯಿಂದ 3 ಅಡಿ ದೂರ ಇಡಿ. 2000 ವ್ಯಾಟ್‌ನ ಹೀಟರ್‌ಗೆ 16 ಆಂಪಿಯರ್‌ನ ದೊಡ್ಡ ಪ್ಲಗ್ಗೇ ಬೇಕು, ಎಕ್ಸ್‌ಟೆನ್ಶನ್ ಬಾಕ್ಸ್ ಬೇಡ.

ಬಾಡಿಗೆ ರೂಮಿನಲ್ಲಿ, ಪಿಜಿಯಲ್ಲಿ ಇರುವವರಿಗೆ ಮೊಳೆ ಹೊಡೆಯುವ ಹಕ್ಕೂ ಇರುವುದಿಲ್ಲ, ಮಂಚ ಆರಿಸುವ ಅವಕಾಶವೂ ಇರುವುದಿಲ್ಲ. ಆದರೂ ಮಂಚವನ್ನು ಹೊರಗೋಡೆಯಿಂದ ಒಂದು ಗೇಣು ಸರಿಸಬಹುದು. ಬಟ್ಟೆಗೆ ಬಾಗಿಲಿಲ್ಲದ, ಕಂಬಿ ಇರುವ ಸ್ಟ್ಯಾಂಡ್ ತರಬಹುದು. ಸೂಟ್‌ಕೇಸನ್ನು ನೆಲದಲ್ಲಿಡದೆ ಎರಡು ಇಟ್ಟಿಗೆ ಮೇಲೆ ಇಡಬಹುದು. ರೂಮು ಹಿಡಿಯುವ ಮೊದಲೇ ಓನರ್‌ಗೆ "ಮಳೆಗಾಲದಲ್ಲಿ ಯಾವ ಗೋಡೆ ಒದ್ದೆ ಆಗುತ್ತೆ ಸರ್?" ಅಂತ ನೇರ ಕೇಳಿ. ಯಾವುದೂ ಆಗಲ್ಲ ಅಂದರೆ ಬೀರಿನ ಹಿಂದೆ ಟಾರ್ಚ್ ಬಿಟ್ಟು ನೋಡಿ.

ಬೂಷ್ಟು ಈಗಾಗಲೇ ಬಂದಿದ್ದರೆ ಮಾಸ್ಕ್ ಹಾಕಿಕೊಂಡು ವಿನೆಗರ್ ಅದ್ದಿದ ಬಟ್ಟೆಯಿಂದ ಒರೆಸಿ, ಫ್ಯಾನ್ ಗಾಳಿಗೆ ಪೂರ್ತಿ ಒಣಗಿಸಿ. ಬ್ಲೀಚ್ ಬಳಸುವವರು ಅದಕ್ಕೆ ವಿನೆಗರ್ ಬೆರೆಸಲೇಬಾರದು, ವಿಷಗಾಳಿ ಏಳುತ್ತದೆ.

ಎಲ್ಲ ಜೋಡಿಸಿದ ಮೇಲೆ ಬರುವ ಮೊದಲ ಜುಲೈನಲ್ಲಿ ವಾರಕ್ಕೊಮ್ಮೆ ಕಪಾಟಿನ ಹಿಂದಿನ ಸಂದಿಗೆ ಕೈ ತೂರಿಸಿ ಗೋಡೆ ಮುಟ್ಟಿ ನೋಡಿ. ಒಣಗಿದ್ದರೆ ಹಾಗೇ ಇರಲಿ. ತಣ್ಣಗೆ ಜಿನುಗುತ್ತಿದ್ದರೆ ಬಟ್ಟೆ ಖಾಲಿ ಮಾಡಿ, ಕ್ಲಾಂಪ್ ಸಡಿಲಿಸಿ, ಕಪಾಟನ್ನು ಇನ್ನೊಂದು ಇಂಚು ಮುಂದೆ ಎಳೆದು ಮತ್ತೆ ಬಿಗಿಸಿ.